ಮೊಬೈಲ್ ಕಿತ್ಕೊಂಡ್ರೆ ಹೊಡೆದಾಟ ನಿಲ್ಲುತ್ತಾ ಮೇಷ್ಟ್ರೇ?

ದಾವಣಗೆರೆಯಿಂದ ನಿವೃತ್ತ ಹೈಸ್ಕೂಲ್ ಮೇಷ್ಟ್ರೊಬ್ರು ಬರೆದಿದ್ದಾರೆ, ಹೆಸರು ಹಾಕಬೇಡಿ ಅಂದಿದ್ದಾರೆ: "ಕಳೆದ ಸಂಚಿಕೆಯಲ್ಲಿ ಮೊಬೈಲ್ ಗೇಮ್ ಆಡುವ ಹುಡುಗರನ್ನು ಹೊಗಳಿ ಲೇಖನ ಹಾಕಿದ್ದೀರಿ. ನಮ್ಮ ಬೀದಿಯಲ್ಲಿ ಒಂಬತ್ತನೇ ತರಗತಿಯ ಹುಡುಗ ಮೊಬೈಲ್ ಕಿತ್ತುಕೊಂಡರೆಂದು ಹೆತ್ತ ತಾಯಿಯ ಮೇಲೇ ಕೈ ಮಾಡಿದ. ಅವನ ಅಪ್ಪ ಬೆಲ್ಟಿನಲ್ಲಿ ಎಷ್ಟು ಬಾರಿಸಿದರೂ ಬುದ್ಧಿ ಬಂದಿಲ್ಲ. ದಿನವಿಡೀ ಗನ್ ಹಿಡಿದು ಕೊಲ್ಲುವ ಆಟ ಆಡಿದರೆ ಇನ್ನೇನಾಗುತ್ತದೆ? ಈ ಆಟಗಳನ್ನೂ ಮಚ್ಚು ಲಾಂಗಿನ ಸಿನಿಮಾಗಳನ್ನೂ ಸರ್ಕಾರ ನಿಷೇಧಿಸಬೇಕೆಂದು ನಿಮ್ಮ ಪತ್ರಿಕೆ ಒತ್ತಾಯಿಸಬೇಕು."

ಮೇಷ್ಟ್ರೇ, ಕೈಯಲ್ಲಿ ಬರೆದು ಅಂಚೆಗೆ ಹಾಕಿದ ಪತ್ರ ಈಗ ಅಪರೂಪ, ಅದರಲ್ಲೂ ಪಕ್ಕದ್ಮನೆ ಹುಡುಗನ ಬಗ್ಗೆ ಇಷ್ಟು ಸಂಕಟಪಟ್ಟು ಬರೆಯೋರು ಇನ್ನೂ ಅಪರೂಪ. ನಿಮ್ಮ ಮಾತಲ್ಲಿ ಒಂದಂಶ ನಿಜ ಇದೆ. ಗೇಮ್ ಬಿಡೋಕಾಗದೆ ಊಟ, ನಿದ್ದೆ, ಓದು ಎಲ್ಲ ಕಳ್ಕೊಳ್ಳೋ ಮಕ್ಕಳಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೇ ಅಂತ ಶಟ್ ಕ್ಲಿನಿಕ್ ನಡೀತಿದೆ, ವಿಶ್ವ ಆರೋಗ್ಯ ಸಂಸ್ಥೆನೂ ಗೇಮಿಂಗ್ ಡಿಸಾರ್ಡರ್ ಅನ್ನ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ, ಆ ಪಟ್ಟಿ 2022ರಿಂದ ಜಾರಿಲಿದೆ. ಇದನ್ನ ನಾನು ಅಲ್ಲಗಳೆಯಲ್ಲ.

ಆದ್ರೆ ಚಟ ಹತ್ತುತ್ತೆ ಅನ್ನೋದೇ ಬೇರೆ, ಆಟ ಆಡಿ ಕೊಲೆಗಾರ ಆಗ್ತಾನೆ ಅನ್ನೋದೇ ಬೇರೆ. ಈ ಎರಡನ್ನ ಒಂದೇ ಉಸಿರಲ್ಲಿ ಹೇಳ್ಬಿಡ್ತೀವಲ್ಲ, ಅಲ್ಲಿ ನನಗೆ ತಡೆಯೋಕಾಗಲ್ಲ.

2017 ನೆನಪಿದೆಯಾ? ಬ್ಲೂ ವೇಲ್ ಅಂತ ಒಂದು ಆಟ ಬಂದಿದೆ, ಐವತ್ತು ಟಾಸ್ಕ್ ಕೊಡುತ್ತೆ, ಕೊನೇದು ಆತ್ಮಹತ್ಯೆ ಅಂತ ದೇಶ ಪೂರ್ತಿ ನಡುಗಿಹೋಗಿತ್ತು, ಟಿವಿಲಿ ಬೆಳಗಿಂದ ಸಂಜೆ ತನಕ ಅದೇ, ಶಾಲೆಗಳಿಂದ ಅಪ್ಪ ಅಮ್ಮಂದಿರಿಗೆ ಎಚ್ಚರಿಕೆ, ಕೇಂದ್ರ ಸರ್ಕಾರ ಗೂಗಲ್, ಫೇಸ್‌ಬುಕ್, ವಾಟ್ಸಾಪಿಗೆಲ್ಲ ಲಿಂಕ್ ತೆಗೀರಿ ಅಂತ ಆದೇಶ ಕಳಿಸ್ತು. ಆಮೇಲೆ ಸರ್ಕಾರದ್ದೇ ಸಮಿತಿ ಕೂತು ಆ ಸಾವುಗಳನ್ನ ಪರಿಶೀಲನೆ ಮಾಡ್ತು. ಒಂದು ಪ್ರಕರಣದಲ್ಲೂ ಬ್ಲೂ ವೇಲ್ ಕಾರಣ ಅಂತ ಸಾಬೀತಾಗಲಿಲ್ಲ ಅಂತ 2018ರ ಜನವರಿಲಿ ಲೋಕಸಭೆಗೆ ಉತ್ತರ ಬಂತು. ಆ ಉತ್ತರವನ್ನ ಎಷ್ಟು ಚಾನೆಲ್ ತೋರಿಸಿದ್ವು ಹೇಳಿ? ಸತ್ತ ಮಕ್ಕಳು ಮಾತ್ರ ಸತ್ತಿದ್ದು ನಿಜ ಮೇಷ್ಟ್ರೇ. ಅವರಿಗೆ ಏನಾಗಿತ್ತು, ಶಾಲೇಲಿ ಏನು, ಮನೇಲಿ ಏನು ಅಂತ ಕೇಳೋ ಹೊತ್ತಲ್ಲಿ ನಾವೆಲ್ಲ ಇಲ್ಲದಿರೋ ತಿಮಿಂಗಿಲ ಹುಡುಕ್ತಾ ಕೂತಿದ್ವಿ. ನನ್ನ ಸಿಟ್ಟಿರೋದು ಇದೇ ವಿಷಯಕ್ಕೆ. ಆಟದ ಮೇಲೆ ಹಾಕಿದ ತಕ್ಷಣ ವಿಚಾರಣೆ ಮುಗಿದುಹೋಗುತ್ತೆ, ಮುಂದೆ ಯಾರೂ ಏನೂ ಕೇಳಲ್ಲ.

ಇದು ಇವತ್ತಿನ ರೋಗನೂ ಅಲ್ಲ. ನಿಮ್ಮ ಹುಡುಗುತನದಲ್ಲಿ ಪತ್ತೇದಾರಿ ಕಾದಂಬರಿ ಓದಿದ್ರೆ ಕೆಡ್ತೀಯ ಅಂತ ಬೈತಿದ್ರು, ನೀವು ಪಠ್ಯಪುಸ್ತಕದೊಳಗೆ ಇಟ್ಕೊಂಡು ಓದಿಲ್ಲ ಅಂತ ಹೇಳಿದ್ರೆ ನಾನು ನಂಬಲ್ಲ. ತೊಂಬತ್ತರ ದಶಕದ ಕೊನೇಲಿ ಟಿವಿ ಧಾರಾವಾಹಿಯ ಶಕ್ತಿಮಾನ್ ಬಂದು ಕಾಪಾಡ್ತಾನೆ ಅಂತ ಮಕ್ಕಳು ಬೆಂಕಿ ಹಚ್ಕೊಳ್ತಿದ್ದಾರೆ ಅಂತ ಸುದ್ದಿ ಎದ್ದಿತ್ತು. ಅಮೆರಿಕದಲ್ಲಿ 1954ರಲ್ಲಿ ಫ್ರೆಡ್ರಿಕ್ ವರ್ಥಾಮ್ ಅನ್ನೋ ಮನೋವೈದ್ಯರು ಕಾಮಿಕ್ಸ್ ಓದಿ ಹುಡುಗ್ರು ಅಪರಾಧಿಗಳಾಗ್ತಿದ್ದಾರೆ ಅಂತ ಪುಸ್ತಕ ಬರೆದ್ರು, ಸೆನೆಟ್‌ನಲ್ಲಿ ವಿಚಾರಣೆ ಆಯ್ತು, ಪ್ರಕಾಶಕರು ಹೆದರಿ ತಾವೇ ಒಂದು ಸೆನ್ಸಾರ್ ಕೋಡ್ ಮಾಡ್ಕೊಂಡ್ರು. ಅರ್ಧ ಶತಮಾನ ಕಳೆದ ಮೇಲೆ ವರ್ಥಾಮ್ ಅವರ ಖಾಸಗಿ ಕಾಗದಪತ್ರ ಸಂಶೋಧಕರ ಕೈಗೆ ಸಿಕ್ತು. ಕ್ಯಾರೊಲ್ ಟಿಲ್ಲಿ ಅನ್ನೋ ಪ್ರಾಧ್ಯಾಪಕಿ ಕೂತು ಓದಿ, 2012ರಲ್ಲಿ ಪ್ರಕಟಿಸಿದ್ರು: ಮಕ್ಕಳು ಹೇಳಿದ ಮಾತುಗಳನ್ನ ವರ್ಥಾಮ್ ತಿದ್ದಿದ್ರು, ಮನೆಯ ಕಷ್ಟ, ಹೊಡೆತದ ವಿವರ ಬಿಟ್ಟು ಕಾಮಿಕ್ಸ್ ಅಷ್ಟನ್ನೇ ಎತ್ತಿ ಹಿಡಿದಿದ್ರು. ಮನೆಯ ಹೊಡೆತ ಬಿಟ್ಟುಹೋಯ್ತು ಅನ್ನೋದನ್ನ ನೆನಪಲ್ಲಿ ಇಟ್ಕೊಳ್ಳಿ, ಮತ್ತೆ ಬರ್ತೀನಿ.

2007ರಲ್ಲಿ ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ ಒಬ್ಬ ವಿದ್ಯಾರ್ಥಿ 32 ಜನರನ್ನ ಗುಂಡಿಟ್ಟು ಕೊಂದ, ಅವನ ಬಗ್ಗೆ ಏನೂ ಗೊತ್ತಾಗೋ ಮೊದಲೇ ಟಿವಿಲಿ ಗೇಮ್‌ಗಳ ಮೇಲೆ ಆರೋಪ ಶುರುವಾಯ್ತು. ಆಮೇಲೆ ತನಿಖಾ ಸಮಿತಿ ವಿಚಾರಿಸಿದ್ರೆ, ಅವನು ವಿಡಿಯೋ ಗೇಮ್ ಆಡಿದ್ದನ್ನ ರೂಮ್‌ಮೇಟ್ ನೋಡಿಯೇ ಇಲ್ಲ. ಕಾಲೇಜಿಗೆ ಬಂದ ಮೇಲೆ ಸರಿಯಾದ ಚಿಕಿತ್ಸೆ ಸಿಗದ ಮಾನಸಿಕ ಸಮಸ್ಯೆ, ಸುಲಭವಾಗಿ ಸಿಕ್ಕ ಬಂದೂಕು, ಇವು ವರದಿಲಿ ಇದ್ವು. 2011ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಮಕ್ಕಳಿಗೆ ಹಿಂಸೆಯ ಗೇಮ್ ಮಾರಬಾರದು ಅನ್ನೋ ಕ್ಯಾಲಿಫೋರ್ನಿಯಾ ಕಾನೂನನ್ನ 7-2ರಲ್ಲಿ ಹೊಡೆದುಹಾಕ್ತು. ತೀರ್ಪು ಬರೆದ ನ್ಯಾಯಮೂರ್ತಿ ಸ್ಕಾಲಿಯಾ, ಮಕ್ಕಳಿಗೆ ನಾವೇ ಹೇಳೋ ಅಜ್ಜಿಕತೆಗಳಲ್ಲಿ ರಕ್ತಪಾತಕ್ಕೇನು ಕಮ್ಮಿ ಇದೆಯಾ ಅನ್ನೋ ಅರ್ಥದಲ್ಲಿ ಕೇಳಿದ್ರು. ನಮ್ಮಲ್ಲಿ ಬಯಲಾಟಕ್ಕೆ ಹೋದ ಮಕ್ಕಳು ಚಾಪೆ ಮೇಲೆ ಕೂತು ನರಸಿಂಹ ಹಿರಣ್ಯಕಶಿಪುವಿನ ಹೊಟ್ಟೆ ಬಗೆಯೋದನ್ನ, ಭೀಮ ದುಶ್ಶಾಸನನ ಎದೆ ಸೀಳೋದನ್ನ ನಿದ್ದೆಗೆಟ್ಟು ನೋಡಿದ್ದಾರೆ, ಬೆಳಿಗ್ಗೆ ಎದ್ದು ಶಾಲೆಗೆ ಹೋಗಿದ್ದಾರೆ.

ನಿಷೇಧ ಅಂದ್ರಲ್ಲ, ಅದನ್ನೂ ಮಾಡಿ ನೋಡಿದ್ದಾಯ್ತು. 2019ರ ಮಾರ್ಚ್‌ನಲ್ಲಿ ಗುಜರಾತಿನ ರಾಜ್‌ಕೋಟ್ ಪೊಲೀಸರು ಪಬ್ಜಿ ಅನ್ನೋ ಗನ್ ಆಟ ನಿಷೇಧ ಮಾಡಿ, ಫೋನಲ್ಲಿ ಆಡ್ತಾ ಕೂತಿದ್ದ ಹತ್ತು ಜನರನ್ನ ಅರೆಸ್ಟ್ ಮಾಡಿದ್ರು, ಅದರಲ್ಲಿ ಕಾಲೇಜು ಹುಡುಗ್ರೂ ಇದ್ರು. 2020ರ ಸೆಪ್ಟೆಂಬರ್ 2ಕ್ಕೆ ಕೇಂದ್ರವೇ ಪಬ್ಜಿನೂ ಸೇರಿ 118 ಆ್ಯಪ್‌ಗಳನ್ನ ನಿಷೇಧ ಮಾಡ್ತು, ಚೀನಾ ಗಡಿ ಗಲಾಟೆಯ ಹೊತ್ತಲ್ಲಿ ದೇಶದ ಭದ್ರತೆ ಕಾರಣಕ್ಕೆ. ಮುಂದಿನ ಜುಲೈ ತನಕ ಆಟ ಅಧಿಕೃತವಾಗಿ ಇರಲಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ (ಎನ್‌ಸಿಆರ್‌ಬಿ) ಲೆಕ್ಕದಲ್ಲಿ ದೇಶದ ಕೊಲೆ ಪ್ರಕರಣಗಳು 2019ರಲ್ಲಿ 28,915, 2020ರಲ್ಲಿ 29,193, 2021ರಲ್ಲಿ 29,272. ಒಂದು ಆಟಕ್ಕೂ ಈ ಅಂಕಿಗೂ ನೇರ ಸಂಬಂಧ ಇದೆ ಅಂತ ನಾನು ಹೇಳ್ತಿಲ್ಲ, ಇದೆ ಅನ್ನೋರು ಈ ಅಂಕಿಗಳನ್ನ ನೋಡಲಿ ಅಂತ ಹೇಳ್ತಿದ್ದೀನಿ. ಇನ್ನೊಂದು, 2022ರಲ್ಲಿ ಲಕ್ಷ ಜನಕ್ಕೆ 2.1 ಕೊಲೆ. ತೊಂಬತ್ತರ ದಶಕದ ಶುರುವಲ್ಲಿ, ಜನರ ಕೈಲಿ ಮೊಬೈಲೇ ಇಲ್ಲದ ಕಾಲದಲ್ಲಿ, ಅದರ ಎರಡು ಪಟ್ಟಿಗಿಂತ ಹೆಚ್ಚಿತ್ತು.

ನಾನು ಹಿಂದೆ ದಿನಪತ್ರಿಕೆಯೊಂದರ ಡೆಸ್ಕಲ್ಲಿ ಕೆಲಸ ಮಾಡ್ತಿದ್ದೆ. ಕ್ರೈಮ್ ಸುದ್ದಿ ಬಂದಾಗ ಎಫ್‌ಐಆರ್‌ನಲ್ಲಿ ಜಮೀನು ಜಗಳ, ಸಾಲ, ಕುಡಿತ ಅಂತೆಲ್ಲ ಇರ್ತಿತ್ತು, ಆದ್ರೆ ಆರೋಪಿ ಸಣ್ಣ ವಯಸ್ಸಿನವನಾಗಿದ್ರೆ ಮೊದಲ ಪ್ರಶ್ನೆ "ಯಾವ ಸಿನಿಮಾ ನೋಡಿದ್ದ ಕೇಳ್ರಿ" ಅಂತ. ಅದು ಸಿಕ್ಕಿದ್ರೆ ಮುಖಪುಟ, ಸಿಗದಿದ್ರೆ ಒಳಪುಟದ ಸಿಂಗಲ್ ಕಾಲಂ. ಐವತ್ತು ವರ್ಷದ ಅಣ್ಣ ತಮ್ಮಂದಿರು ಬದುವಿನ ವಿಷಯಕ್ಕೆ ಕುಡುಗೋಲು ಎತ್ತಿದಾಗ ಅವರು ಯಾವ ಸಿನಿಮಾ ನೋಡಿದ್ರು ಅಂತ ಯಾರೂ ಕೇಳ್ತಿರಲಿಲ್ಲ. 2022ರಲ್ಲಿ 28,522 ಕೊಲೆ ಪ್ರಕರಣಗಳಲ್ಲಿ 9,962ಕ್ಕೆ ಕಾರಣ ಜಗಳ ತಕರಾರು, 3,761ಕ್ಕೆ ಹಳೇ ದ್ವೇಷ. ದೊಡ್ಡವರ ಜಗಳ ಮೇಷ್ಟ್ರೇ ಇವು ಬಹುಪಾಲು.

ಈಗ ನಿಮ್ಮ ಪತ್ರಕ್ಕೆ ಬರ್ತೀನಿ, ಸ್ವಲ್ಪ ಕಟುವಾಗಿ ಹೇಳಿದ್ರೆ ಬೇಜಾರಾಗಬೇಡಿ. ಬೆಲ್ಟಿನ ವಿಷಯ ಅಪ್ಪನ ಕಷ್ಟ ಹೇಳೋಕೆ ಅಂತ ಒಂದೇ ಸಾಲಲ್ಲಿ ಬರೆದು ಮುಂದೆ ಹೋಗಿದ್ದೀರಿ. ನಾನು ಅಲ್ಲೇ ನಿಂತೆ. ಗನ್ನು ಆ ಹುಡುಗನ ಸ್ಕ್ರೀನ್ ಮೇಲಿದೆ, ಬೆಲ್ಟು ಬೆನ್ನ ಮೇಲಿದೆ. ಮಾತು ಕೇಳದೋರಿಗೆ ಹೊಡೀಬೇಕು ಅನ್ನೋದನ್ನ ಅವನು ಎಲ್ಲಿ ಕಲಿತಿರಬಹುದು? 2007ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ 13 ರಾಜ್ಯಗಳಲ್ಲಿ ಅಧ್ಯಯನ ಮಾಡಿಸಿದಾಗ ಮೂರರಲ್ಲಿ ಎರಡು ಮಕ್ಕಳು ದೈಹಿಕ ಹಿಂಸೆ ಅನುಭವಿಸಿದ್ದು ಗೊತ್ತಾಯ್ತು, ಹೊಡೆದೋರಲ್ಲಿ ಹೆತ್ತವರೂ ಇದ್ರು, ಮೇಷ್ಟ್ರುಗಳೂ ಇದ್ರು. ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲೇ ಶಾಲೇಲಿ ಹೊಡೆಯೋದನ್ನ ನಿಷೇಧಿಸಿದೆ, ಆದ್ರೂ ಇವತ್ತಿಗೂ "ನಾಲ್ಕು ಬಿಗಿದು ಬುದ್ಧಿ ಕಲಿಸಿ ಸಾರ್" ಅಂತ ಅಪ್ಪಂದಿರೇ ಶಾಲೆಗೆ ಬಂದು ಹೇಳ್ತಾರೆ, ನೀವೂ ಕೇಳಿರ್ತೀರಿ. ಆ ಹುಡುಗ ಅಮ್ಮನ ಮೇಲೆ ಕೈ ಮಾಡಿದ್ದು ತಪ್ಪೇ, ಖಂಡಿತ ತಪ್ಪು. ಆದ್ರೆ ಅದೇ ಮನೇಲಿ ಅಪ್ಪ ಆ ಅಮ್ಮನ ಮೇಲೂ ಕೈ ಮಾಡ್ತಾನಾ ಅಂತ ಬೀದಿಲಿ ಯಾರಾದ್ರೂ ವಿಚಾರಿಸಿದ್ದೀರಾ?

ಆಟ ನಿಲ್ಲಿಸಿ ಅಂತೀವಿ, ಆಮೇಲೆ ಅವನು ಎಲ್ಲಿ ಹೋಗಿ ಆಡಬೇಕು? ಸೈಟು ಮಾಡೋಕೆ ಮೈದಾನ ಮುಗಿಸಿದೋರು ನಾವು. ಪಿಟಿ ಪೀರಿಯಡ್ಡನ್ನ ಗಣಿತಕ್ಕೆ ಕೊಟ್ಟೋರು ನಾವು. ನಿಮ್ಹಾನ್ಸ್ 2015-16ರಲ್ಲಿ ಮಾಡಿದ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ಮಾನಸಿಕ ತೊಂದರೆ ಇರೋರಲ್ಲಿ ನೂರಕ್ಕೆ 70ರಿಂದ 92 ಜನಕ್ಕೆ ಚಿಕಿತ್ಸೆಯೇ ಸಿಗ್ತಿಲ್ಲ. ಶಾಲೆಗೊಬ್ಬ ಕೌನ್ಸೆಲರ್ ಬೇಕು ಅಂತ ಒಬ್ಬ ಶಾಸಕನೂ ಸದನದಲ್ಲಿ ಮೇಜು ಕುಟ್ಟಿದ್ದನ್ನ ನಾನು ನೋಡಿಲ್ಲ, ಗೇಮ್ ಬ್ಯಾನ್ ಮಾಡಿ ಅನ್ನೋಕೆ ಎಲ್ಲಾ ಪಕ್ಷದೋರೂ ಮುಂದೆ, ಯಾಕಂದ್ರೆ ಅದಕ್ಕೆ ಖರ್ಚಿಲ್ಲ.

ನಿಷೇಧದ ಒತ್ತಾಯ ನಮ್ಮ ಪತ್ರಿಕೆ ಮಾಡಲ್ಲ ಮೇಷ್ಟ್ರೇ. ಆದ್ರೆ ನಿಮ್ಮಿಂದ ಒಂದು ಕೆಲಸ ಆಗುತ್ತೆ, ಆ ಅಪ್ಪ ನಿಮ್ಮ ಮಾತು ಕೇಳ್ತಾನೆ ಅಂತ ಪತ್ರದಲ್ಲೇ ಗೊತ್ತಾಗುತ್ತೆ. ಮೊದಲು ಹೋಗಿ ಆ ಬೆಲ್ಟು ಇಳಿಸೋಕೆ ಹೇಳಿ. 14416ಕ್ಕೆ ಫೋನ್ ಮಾಡಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಿಗುತ್ತೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಅಮ್ಮನೂ ಮಾಡಬಹುದು, ಹುಡುಗನೂ ಮಾಡಬಹುದು, ಅಪ್ಪ ಮಾಡಿದ್ರೆ ಇನ್ನೂ ಒಳ್ಳೇದು. ಏನಾಯ್ತು ಅಂತ ಬರೀರಿ, ಇದೇ ಪುಟದಲ್ಲಿ ಜಾಗ ಇಟ್ಟಿರ್ತೀನಿ.

— ಸಂ.