ಸ್ಪ್ರಿಂಗ್ ಏರ್ ರೈಫಲ್‌ಗೆ ಎಂಥ ಸ್ಕೋಪ್?

ಪ್ರಶ್ನೆ: ನನ್ನದು ಬ್ರೇಕ್ ಬ್ಯಾರೆಲ್ (ನಳಿಗೆ ಮಡಚಿ ಸಜ್ಜುಮಾಡುವ) ಮಾದರಿಯ .177 ಸ್ಪ್ರಿಂಗ್ ಏರ್ ರೈಫಲ್. 10ರಿಂದ 25 ಮೀಟರ್ ದೂರದ ಕಾಗದದ ಗುರಿಗೆ ಹೊಡೆಯುತ್ತೇನೆ. 6-24×50 (6ರಿಂದ 24 ಪಟ್ಟು ಹಿಗ್ಗಿಸುವ, 50 ಮಿ.ಮೀ. ಮುಂಮಸೂರದ) ಸ್ಕೋಪ್ ಕೊಳ್ಳುವ ಆಸೆಯಿದೆ. ಅಲ್ಲಿಯವರೆಗೆ ಗೆಳೆಯನ ದೊಡ್ಡ ರೈಫಲ್‌ನ 3-9×40 ಕೂರಿಸಬಹುದೇ?

ಉತ್ತರ: ಎರಡೂ ಬೇಡ. ಗೆಳೆಯನದ್ದಂತೂ ಬೇಡವೇ ಬೇಡ, ಗೆಳೆತನ ಉಳಿಯಬೇಕಲ್ಲ! ದೊಡ್ಡ ರೈಫಲ್ ಹಿಂದಕ್ಕೆ ಒದೆಯುತ್ತದೆ. ಅದರ ಸ್ಕೋಪ್ ಆ ಒಂದು ದಿಕ್ಕಿನ ಏಟಿಗೆ ಸಜ್ಜಾಗಿರುತ್ತದೆ. ಸ್ಪ್ರಿಂಗ್ ರೈಫಲ್ ಹಾಗಲ್ಲ. ಸ್ಪ್ರಿಂಗ್ ತಳ್ಳಿದ ಪಿಸ್ಟನ್ ಮುಂದೆ ನುಗ್ಗುವಾಗ ರೈಫಲ್ ಹಿಂದೆ ಸರಿಯುತ್ತದೆ, ಪಿಸ್ಟನ್ ತುದಿ ಮುಟ್ಟಿ ತಟ್ಟನೆ ನಿಂತಾಗ ಮುಂದಕ್ಕೆ ಜಗ್ಗುತ್ತದೆ. ಈ ಎರಡನೇ ಏಟಿಗೇ ಒಳಗಿನ ಮಸೂರ ಸಡಿಲವಾಗುವುದು, ಕ್ರಾಸ್‌ಹೇರ್ (ಗುರಿ ಹಿಡಿಯುವ ಅಡ್ಡ-ಉದ್ದ ಗೆರೆ) ಜಾಗ ಬಿಡುವುದು. ಸ್ಪ್ರಿಂಗ್ ಏರ್ ರೈಫಲ್‌ಗೆ ತಾಳುತ್ತದೆ ಎಂದು ತಯಾರಕರೇ ಹೇಳಿರುವ ಸ್ಕೋಪ್ ಆರಿಸಿ.

ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದಕ್ಕಿಂತ ಮೊದಲು ನೋಡಬೇಕಾದದ್ದು ಪ್ಯಾರಲಾಕ್ಸ್, ಅಂದರೆ ಕಣ್ಣು ಸರಿದಾಗ ಗುರಿಯ ಮೇಲೆ ಕ್ರಾಸ್‌ಹೇರ್ ಸರಿದಂತೆ ಕಾಣುವುದು. ದೊಡ್ಡ ರೈಫಲ್‌ನ ಸಾಮಾನ್ಯ ಸ್ಕೋಪ್‌ಗಳಲ್ಲಿ ಇದನ್ನು 100 ಗಜದ ಆಸುಪಾಸಿಗೆ ಹೊಂದಿಸಿಟ್ಟಿರುತ್ತಾರೆ. ಅಂಥ 40 ಮಿ.ಮೀ. ಮಸೂರದ ಸ್ಕೋಪಿನಲ್ಲಿ 10 ಮೀಟರ್ ಗುರಿ ನೋಡುವಾಗ ಕಣ್ಣು ನಡುವಿನಿಂದ ಅಂಚಿಗೆ ಸರಿದರೆ ಗುರಿ ಸುಮಾರು 18 ಮಿ.ಮೀ. ತಪ್ಪಬಹುದು. ಬಿಂಬವೂ ಮಸುಕು. ಆದ್ದರಿಂದ 10 ಮೀಟರ್‌ವರೆಗೆ ಇಳಿಯುವ ಪ್ಯಾರಲಾಕ್ಸ್ ಹೊಂದಾಣಿಕೆ ಇರಲೇಬೇಕು. ಆ ಹೊಂದಾಣಿಕೆಯ ಉಂಗುರದ ಮೇಲೆ ಅಚ್ಚಾದ ದೂರದ ಅಂಕಿಯನ್ನೇ ನಂಬಬೇಡಿ: ಖಾಲಿ ರೈಫಲನ್ನು ಮರಳುಚೀಲದ ಮೇಲಿಟ್ಟು, ಮುಟ್ಟದೆ, ತಲೆಯನ್ನಷ್ಟೇ ಆಚೀಚೆ ಆಡಿಸಿ. ಗುರಿಯ ಮೇಲೆ ಕ್ರಾಸ್‌ಹೇರ್ ಕದಲದಿದ್ದರೆ ಅದೇ ಸರಿಯಾದ ಜಾಗ.

ನಿಮ್ಮ ದೂರಕ್ಕೆ ಈ ಸೌಲಭ್ಯವಿರುವ 3-9×40 ಧಾರಾಳ. 24 ಪಟ್ಟಿನಲ್ಲಿ ಎದೆಬಡಿತವೂ ನಡುಕವಾಗಿ ಕಾಣುತ್ತದೆ. 50ನ್ನು 24ರಿಂದ ಭಾಗಿಸಿ: ಕಣ್ಣಿಗೆ ಬರುವ ಬೆಳಕಿನ ಕಿರಣಪುಂಜದ ವ್ಯಾಸ ಬರೀ 2 ಮಿ.ಮೀ. ತಲೆ ಕೊಂಚ ಅಲುಗಿದರೂ ಕತ್ತಲೆ.

ಸ್ಕೋಪನ್ನು ರೈಫಲ್‌ಗೆ ಹಿಡಿದಿಡುವ ಮೌಂಟ್ ಕೊಳ್ಳುವ ಮುನ್ನ, ರೈಫಲ್ ಮೇಲೆ ಮೌಂಟ್ ಕೂರುವ ಪಟ್ಟಿ (ರೈಲ್) 11 ಮಿ.ಮೀ. ಡವ್‌ಟೇಲೇ (ಇಳಿಜಾರು ಅಂಚಿನ ಗಾಡಿ), ಸ್ಕೋಪಿನ ಕೊಳವೆ 25.4 ಮಿ.ಮೀ.ಯೇ 30 ಮಿ.ಮೀ.ಯೇ ನೋಡಿಕೊಳ್ಳಿ. ಸ್ಟಾಪ್ ಪಿನ್ (ಜಾರದಂತೆ ತಡೆಯುವ ಮೊಳೆ) ಇರುವ ಮೌಂಟೇ ಆಗಬೇಕು, ಇಲ್ಲವಾದರೆ ಸ್ಕೋಪ್ ದಿನಕ್ಕಿಷ್ಟು ಹಿಂದೆ ತೆವಳುತ್ತದೆ. ಸ್ಕ್ರೂಗಳನ್ನು ಅಡ್ಡಡ್ಡವಾಗಿ, ಸ್ವಲ್ಪಸ್ವಲ್ಪವೇ ಬಿಗಿ ಮಾಡಿ. ಅತಿ ಬಿಗಿದರೆ ಕೊಳವೆ ನೆಗ್ಗುತ್ತದೆ.

ಶೂನ್ಯಗೊಳಿಸುವಾಗ (ಪೆಲೆಟ್ ಬೀಳುವ ಜಾಗಕ್ಕೆ ಕ್ರಾಸ್‌ಹೇರ್ ಹೊಂದಿಸುವಾಗ) ಡಯಲಿನ ಕ್ಲಿಕ್ ಲೆಕ್ಕದಲ್ಲಿ ಬಹಳ ಜನ ಎಡವುತ್ತಾರೆ. ಕಾಲು ಎಂಒಎ (ಒಂದು ಎಂಒಎ ಎಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ) ಕ್ಲಿಕ್ 100 ಮೀಟರ್‌ನಲ್ಲಿ ಸುಮಾರು 7 ಮಿ.ಮೀ. ಸರಿಸುತ್ತದೆ, 25 ಮೀಟರ್‌ನಲ್ಲಿ 1.8 ಮಾತ್ರ. 2 ಸೆಂ.ಮೀ. ಕೆಳಗೆ ಬಿದ್ದರೆ 11 ಕ್ಲಿಕ್ ಮೇಲಕ್ಕೆ. ಡಯಲ್ ಕೊನೆ ಮುಟ್ಟಿದರೂ ಪೆಲೆಟ್ ಕೆಳಗೇ ಬೀಳುತ್ತಿದೆಯೇ? ಬ್ರೇಕ್ ಬ್ಯಾರೆಲ್‌ಗಳಲ್ಲಿ ನಳಿಗೆ ತುಸು ಕೆಳಗೆ ಬಾಗಿರುವುದು ಸಾಮಾನ್ಯ. ಡಯಲನ್ನು ಮೇಲ್ತುದಿಯಲ್ಲೇ ಬಿಟ್ಟರೆ ಸ್ಕೋಪ್ ಒಳಗಿನ ಸ್ಪ್ರಿಂಗ್ ಸಡಿಲಗೊಂಡು ಗುರಿ ದಿನಕ್ಕೊಂದು ಕಡೆ ಅಲೆಯುತ್ತದೆ. ಹಿಂಬದಿ ಎತ್ತರವಿರುವ ಮೌಂಟ್ ಹಾಕಿ.

ಪ್ರಶ್ನೆ: ಐಎಸ್‌ಎಸ್‌ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ) 10 ಮೀಟರ್ ಏರ್ ರೈಫಲ್ ಸ್ಪರ್ಧೆಗೆ ಯಾವ ಸ್ಕೋಪ್ ಒಳ್ಳೆಯದು?

ಉತ್ತರ: ಯಾವುದೂ ಅಲ್ಲ. ಅಲ್ಲಿ ದೂರದರ್ಶಕ ಸ್ಕೋಪ್‌ಗೆ ಅನುಮತಿಯಿಲ್ಲ. ಹಣವನ್ನು ಒಳ್ಳೆಯ ಡಯಾಪ್ಟರ್ ಸೈಟ್‌ಗೆ (ಸಣ್ಣ ರಂಧ್ರದ ಮೂಲಕ ಗುರಿ ನೋಡುವ ಹಿಂಸೈಟ್) ಹಾಕಿ.