ಲೆಕ್ಕಕ್ಕೆ ಬರದ ಮೂರನೇ ಕೆಲಸ

(ಇಲ್ಲಿ ಬರುವ ಹುಡುಗಿಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.)

ದೀಪಾವಳಿ ಕಳೆದು ಎರಡು ವಾರ ಆಗಿತ್ತು. ಮಲೆನಾಡಿನ ಒಂದು ಊರಿನಿಂದ 23 ವರ್ಷದ ಹುಡುಗಿ ನನ್ನ ಬಳಿ ಸಲಹೆ ಕೇಳಲು ಬಂದಳು. ಎಂ.ಕಾಂ. ಮೂರನೇ ಸೆಮಿಸ್ಟರ್. ಬೆಳಿಗ್ಗೆ ಕಾಲೇಜು, ಮಧ್ಯಾಹ್ನದಿಂದ ರಾತ್ರಿ ಎಂಟೂವರೆವರೆಗೆ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಅಪ್ಪ ತೀರಿಕೊಂಡು ನಾಲ್ಕು ವರ್ಷವಾಗಿದೆ. ಮನೆಯಲ್ಲಿ ಅಮ್ಮ, ಪಿಯುಸಿ ಓದುವ ತಮ್ಮ. ಅಮ್ಮನಿಗೆ ಮಂಡಿನೋವು, ಹೆಚ್ಚು ಹೊತ್ತು ನಿಲ್ಲಲು ಆಗುವುದಿಲ್ಲ.

ಕುರ್ಚಿಯಲ್ಲಿ ಕೂತವಳೇ ಕೇಳಿದ್ದು ಒಂದೇ ಮಾತು. "ಎರಡರಲ್ಲಿ ಯಾವುದು ಬಿಡ್ಲಿ ಹೇಳಿ ಮೇಡಂ."

ಬಸ್ಸಿನಲ್ಲಿ ನಿದ್ದೆ ಹೋಗಿ ಎರಡು ಸಲ ಊರು ದಾಟಿ ಹೋಗಿದ್ದಳು. ಮೆಟ್ಟಿಲು ಹತ್ತಿದರೆ ಎದೆ ಡವಗುಟ್ಟುತ್ತದೆ, ಪುಸ್ತಕ ತೆರೆದರೆ ಅಳು ಬರುತ್ತದೆ ಅಂದಳು. ಹಾಜರಾತಿ 62ಕ್ಕೆ ಇಳಿದಿತ್ತು, ಬೇಕಾದದ್ದು ಶೇ. 75. ಹೊಸ ಅಡಿಕೆ ಬರುವ ಕಾಲ ಅದು. ಮಂಡಿಯಲ್ಲಿ ತಲೆ ಎತ್ತಲೂ ಪುರುಸೊತ್ತಿಲ್ಲ. ಮುಂದೆ ಪರೀಕ್ಷೆಯೂ ಅದೇ ದಿನಗಳಲ್ಲಿ.

ಯಾವುದು ಬಿಡಬೇಕೆಂದು ನಾನು ಹೇಳಲಿಲ್ಲ. ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿಕೊಂಡು ಬಾ ಅಂದೆ. ಎದೆ ಡವಗುಟ್ಟುವುದನ್ನೆಲ್ಲ ಮನಸ್ಸಿನ ಖಾತೆಗೆ ಹಾಕಬಾರದು. ಹಿಮೋಗ್ಲೋಬಿನ್ 9.2 ಇತ್ತು, 12 ಆದರೂ ಇರಬೇಕಿತ್ತು. ಡಾಕ್ಟರು ಕಬ್ಬಿಣದ ಮಾತ್ರೆ ಕೊಟ್ಟರು.

ಜೊತೆಗೆ ಒಂದು ಹಾಳೆ ಕೊಟ್ಟಿದ್ದೆ. ವಾರಕ್ಕೆ 168 ಗಂಟೆ, ಯಾವುದಕ್ಕೆ ಎಷ್ಟು ಹೋಗುತ್ತದೆ ಎಂದು ಬರೆಯಬೇಕು. ಲೆಕ್ಕ ಬರೆಯುವ ಹುಡುಗಿ, ಅಚ್ಚುಕಟ್ಟಾಗಿ ಬರೆದು ತಂದಳು. ತರಗತಿ 24, ಮಂಡಿ 36, ಭಾನುವಾರ ಬಾಕಿ ಲೆಕ್ಕ 4, ಓಡಾಟ 18, ಊಟ ಸ್ನಾನ 14, ನಿದ್ದೆ 35, ಓದು 16. ಕೂಡಿದರೆ 147.

"ಇಪ್ಪತ್ತೊಂದು ಗಂಟೆ ಎಲ್ಲಿ ಹೋಯ್ತು?"

ಸ್ವಲ್ಪ ಹೊತ್ತು ಹಾಳೆ ನೋಡಿದಳು. "ಅಡುಗೆ, ಪಾತ್ರೆ, ಬಟ್ಟೆ ಇರ್ಬೇಕು ಮೇಡಂ. ಅದು ಕೆಲಸ ಅಲ್ವಲ್ಲ, ಅದಕ್ಕೇ ಬರೀಲಿಲ್ಲ."

ದಿನಕ್ಕೆ ಮೂರು ಗಂಟೆ. ಬೆಳಿಗ್ಗೆ ನಾಲ್ಕೂವರೆಗೆ ಏಳುತ್ತಿದ್ದದ್ದು ಓದಲಿಕ್ಕಲ್ಲ, ತಿಂಡಿ ಮತ್ತು ಮೂವರ ಬುತ್ತಿಗೆ. ಅವಳು ಎರಡು ದೋಣಿಯಲ್ಲಿ ಕಾಲಿಟ್ಟಿದ್ದೇನೆ ಅಂದುಕೊಂಡಿದ್ದಳು. ಇದ್ದದ್ದು ಮೂರು. ಕೆಲಸ ಮಾಡುತ್ತಾ ಓದುವ ಹುಡುಗಿಯರು ನನ್ನ ಬಳಿ ತುಂಬ ಜನ ಬರುತ್ತಾರೆ. ಈ ಮೂರನೆಯದನ್ನು ತಾವಾಗಿ ಹೇಳಿದವರು ಬಹಳ ಕಡಿಮೆ. ನನಗೆ ಇದು ಪ್ರತಿ ಸಲವೂ ಸಂಕಟ ಕೊಡುತ್ತದೆ.

ಹಾಗಾಗಿ ಮೊದಲ ಸಲಹೆ ಮನೆಗೇ ಸಂಬಂಧಿಸಿದ್ದು. ಹಾಳೆಯನ್ನು ಅಮ್ಮನಿಗೂ ತಮ್ಮನಿಗೂ ತೋರಿಸು, ದೂರು ಹೇಳಬೇಡ, ಸುಮ್ನೆ ಓದಿ ಹೇಳು ಅಂದೆ. ರಾತ್ರಿಯ ಅನ್ನ, ಪಾತ್ರೆ ಮತ್ತು ತಮ್ಮನ ಬಟ್ಟೆ ತಮ್ಮನಿಗೆ. ಕೂತು ಮಾಡುವಂಥದ್ದು, ತರಕಾರಿ ಹೆಚ್ಚುವುದು, ತೆಂಗಿನಕಾಯಿ ತುರಿಯುವುದು ಅಮ್ಮನಿಗೆ. "ಗಂಡುಹುಡುಗನ ಕೈಲಿ ಪಾತ್ರೆ ತೊಳೆಸ್ತೀಯಾ" ಎಂದು ಅಮ್ಮ ಮೂರು ದಿನ ಮಾತು ಬಿಟ್ಟರಂತೆ. ತಮ್ಮ ಮಾತ್ರ ಮೊದಲ ದಿನವೇ ಒಪ್ಪಿದ್ದ.

ಎರಡನೆಯದು ಬಸ್ಸು. ಸರ್ಕಾರಿ ಬಸ್ಸಿನಲ್ಲಿ ಶಕ್ತಿ ಯೋಜನೆಯಿಂದ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಅದಕ್ಕೇ ರಾತ್ರಿ ಖಾಸಗಿ ಬಸ್ಸು ಬಿಟ್ಟು 40 ನಿಮಿಷ ಕಾಯುತ್ತಿದ್ದಳು. ದುಡ್ಡು ಉಳಿಸುವ ಅಭ್ಯಾಸ ಒಳ್ಳೆಯದೇ. ಆದರೆ ಈ ಮೂರು ತಿಂಗಳು ಆ 40 ನಿಮಿಷ ನಿದ್ದೆಗೆ ಬೇಕು, ರಾತ್ರಿಯದೊಂದಕ್ಕೆ ದುಡ್ಡು ಕೊಡು ಎಂದೆ.

ಮಂಡಿಯ ಸಾಹುಕಾರರಿಗೆ ಅವಳು ಓದುತ್ತಿರುವುದು ಗೊತ್ತಿತ್ತು, ಪರೀಕ್ಷೆ ಯಾವಾಗ ಎಂದು ಗೊತ್ತಿರಲಿಲ್ಲ. ಹಿಂದಿನ ದಿನ ಹೋಗಿ ರಜೆ ಕೇಳಿದರೆ ಯಾರಿಗಾದರೂ ಸಿಟ್ಟು ಬರುತ್ತದೆ ಅಲ್ವಾ? ಕ್ಯಾಲೆಂಡರ್ ಹಿಡಿದು ಕೂತೆವು. ಪ್ರತಿ ತಿಂಗಳು 11 ಮತ್ತು 20ನೇ ತಾರೀಕು ಜಿಎಸ್‌ಟಿ ರಿಟರ್ನ್ ಹಾಕುವ ಗಡುವು. ಅದರ ಹಿಂದಿನ ಎರಡು ದಿನ ಅವಳು ಇರಲೇಬೇಕು. ಉಳಿದ ದಿನಗಳಲ್ಲಿ ಪರೀಕ್ಷೆ ಮುಗಿಯುವವರೆಗೆ ದಿನಕ್ಕೆ ನಾಲ್ಕು ಗಂಟೆ ಕೆಲಸ, ಅದಕ್ಕೆ ತಕ್ಕಂತೆ ಸಂಬಳ ಕಡಿತ. ಇದನ್ನು ಬರೆದುಕೊಂಡು ಒಂದು ತಿಂಗಳು ಮೊದಲೇ ಹೋಗಿ ಕೇಳಿದಳು. ನಾಲ್ಕಲ್ಲ, ದಿನಕ್ಕೆ ಐದು ಗಂಟೆ ಕೆಲಸಕ್ಕೆ ಸಾಹುಕಾರರು ಒಪ್ಪಿದರು. ಭಾನುವಾರ ಲೆಕ್ಕ ಬರೆಯುವ ಕೆಲಸವೂ ತಪ್ಪಿತು.

ಕಾಲೇಜಿನಲ್ಲಿ ಕೆಲಸದ ವಿಷಯ ಮುಚ್ಚಿಟ್ಟಿದ್ದಳು. ಹಾಜರಾತಿ ಸಾಲದವರ ಶಾರ್ಟೇಜ್ ಪಟ್ಟಿ ಬೋರ್ಡಿಗೆ ಬರುವ ಮೊದಲೇ ವಿಭಾಗದ ಮುಖ್ಯಸ್ಥರನ್ನು ನೋಡು ಎಂದು ಒತ್ತಾಯಿಸಿದೆ. ಉಳಿದ ತರಗತಿಗಳಿಗೆಲ್ಲ ಬಂದರೆ 75 ಮುಟ್ಟುತ್ತದೆ ಎಂದು ಅವರೇ ಲೆಕ್ಕ ಹಾಕಿ ತೋರಿಸಿದರು.

ದೂರಶಿಕ್ಷಣಕ್ಕೆ ಹೋಗಿಬಿಡಲೇ ಎಂದೂ ಕೇಳಿದ್ದಳು. ಅದು ಕೀಳಲ್ಲ. ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯ 1996ರಿಂದ ಇದೆ. ಮಾನ್ಯತೆ ಇರುವ ಕಡೆ ಪಡೆದ ದೂರಶಿಕ್ಷಣದ ಪದವಿ ರೆಗ್ಯುಲರ್ ಪದವಿಗೆ ಸಮ ಎಂದು ವಿಶ್ವವಿದ್ಯಾನಿಲಯ ಅನುದಾನ ಆಯೋಗ (ಯುಜಿಸಿ) 2022ರಲ್ಲಿ ಸ್ಪಷ್ಟವಾಗಿ ಹೇಳಿದೆ. ಇವಳು ಮೊದಲ ವರ್ಷ ಮುಗಿಸಿ ಬಂದಿದ್ದಳು, ಅದಕ್ಕೆ ಬೇಡ ಅಂದೆ. ಮೊದಲ ಸೆಮಿಸ್ಟರಿನಲ್ಲೇ ಬಂದಿದ್ದರೆ ಖಂಡಿತ ಅದನ್ನೇ ಹೇಳುತ್ತಿದ್ದೆ.

ಅವಳಿಗೆ ಲೆಕ್ಚರರ್ ಆಗುವ ಆಸೆ. ಅದಕ್ಕೆ ಬೇಕಾದ ಅರ್ಹತಾ ಪರೀಕ್ಷೆ, ಅಂದರೆ ನೆಟ್ ಅಥವಾ ಕೆಸೆಟ್ ಬರೆಯಲು ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಬೇಕು, ಪರಿಶಿಷ್ಟರಿಗೆ ಮತ್ತು ಹಿಂದುಳಿದ ವರ್ಗದವರಿಗೆ 50. ಸುಸ್ತಾಗಿ ಹೇಗೋ ಪಾಸಾದರೆ ಆ ಬಾಗಿಲು ಮುಚ್ಚುತ್ತದೆ. ಎರಡು ಸಾವಿರ ಸಂಬಳ ಕಡಿಮೆಯಾದರೂ ನಿದ್ದೆ ಮಾಡು ಎಂದು ಹೇಳಲು ನನಗೆ ಧೈರ್ಯ ಬಂದದ್ದು ಈ ಲೆಕ್ಕದಿಂದ.

ಫೆಬ್ರವರಿಯಲ್ಲಿ ಮತ್ತೆ ಬಂದಳು. ಪರೀಕ್ಷೆ ಬರೆದಿದ್ದಾಳೆ, ಒಂದು ಪೇಪರ್ ಚೆನ್ನಾಗಿ ಆಗಿಲ್ಲ. ನಿದ್ದೆ ದಿನಕ್ಕೆ ಆರೂವರೆ ಗಂಟೆಯಾಗಿದೆ. ಹೊಸ ಹಾಳೆ ತಂದಿದ್ದಳು. ಅದರಲ್ಲಿ ಮನೆಗೆಲಸ 12 ಎಂದು ಮೊದಲ ಸಾಲಿನಲ್ಲೇ ಇತ್ತು. ಅಮ್ಮ ಮಾತು ಶುರು ಮಾಡಿದ್ದಾರೆ. ಆದರೆ ನೆಂಟರು ಬಂದ ದಿನ ಪಾತ್ರೆ ಈಗಲೂ ಇವಳೇ ತೊಳೆಯಬೇಕು. ಮುಂದಿನ ಭೇಟಿಗೆ ಅಮ್ಮನನ್ನೂ ಕರೆದುಕೊಂಡು ಬಾ ಎಂದಿದ್ದೇನೆ.