ಕರಾವಳಿಯ ಕಡಲೆ, ಬೆಂಗಳೂರಿನ ನೀರು

ಪ್ರಶ್ನೆ: ಮಂಗಳೂರಿನ ನೆಂಟರು ಬರೆದುಕೊಟ್ಟಂತೆ ಕಡಲೆಯನ್ನು ರಾತ್ರಿಯಿಡೀ ನೆನೆಸಿ ಪಾತ್ರೆಯಲ್ಲಿ ಬೇಯಿಸಿದರೂ, ಹೇಳಿದ ಹೊತ್ತಿಗೆ ಬೇಯುವುದಿಲ್ಲ. ನಮ್ಮದು ಕೊಳವೆಬಾವಿ ನೀರು. ಅಳತೆ ಬದಲಿಸಬೇಕೇ?
– ಓದುಗರೊಬ್ಬರು, ವೈಟ್‌ಫೀಲ್ಡ್

ಉತ್ತರ: ಅಳತೆ ಹಾಗೆಯೇ ಇರಲಿ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು 97 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿಯುವುದರಿಂದ ಕರಾವಳಿಯ ಲೆಕ್ಕದ ಸಮಯ ಇಲ್ಲಿ ಸಾಲದು. ಕುಕ್ಕರ್ ಬಳಸಿದರೆ ಈ ವ್ಯತ್ಯಾಸ ಬಹುಮಟ್ಟಿಗೆ ನೀಗುತ್ತದೆ. ಆದರೂ ನನ್ನ ಅನುಮಾನ ನಿಮ್ಮ ನೀರಿನ ಮೇಲೆಯೇ ಹೆಚ್ಚು, ಏಕೆಂದರೆ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಕಾಳು ಮೆದುವಾಗಲು ಬಿಡುವುದಿಲ್ಲ. ನೆನೆಸಲೂ ಬೇಯಿಸಲೂ ಕಾವೇರಿ ನೀರನ್ನೋ ಶುದ್ಧೀಕರಿಸಿದ ನೀರನ್ನೋ ಬಳಸಿ, ಬೆರಳುಗಳ ನಡುವೆ ಹಿಸುಕಿದಾಗ ಕಾಳು ಸಲೀಸಾಗಿ ನುರಿದ ಮೇಲಷ್ಟೇ ಹುಣಸೆರಸ ಹಾಕಿ. ಚಿಟಿಕೆ ಅಡುಗೆ ಸೋಡಾ ಹಾಕುವವರಿದ್ದಾರೆ. ರುಚಿ ಕೆಡುವುದರಿಂದ ನಾನು ಅದನ್ನು ಸೂಚಿಸಲಾರೆ.